ಜಪಾನಿನ ಇವತ್ತಿನ ಪೋರ್ಟ್ರೇಟ್ ಯುರೋಪಿನ ನಕಲಾ? ಗೆರೆ, ನೆರಳು ಮತ್ತು ಬಿಳಿ ಬಣ್ಣದ ಬಗ್ಗೆ ಮಾತಾಡೋಣ ಬನ್ನಿ

ಕುಂಚದ ಕಡ್ಡಿ:

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಇಲ್ಲೇ ಇನ್ನೊಂದು ಚರ್ಚೆಯಲ್ಲಿ ಒಬ್ಬರು ಜಪಾನಿನ ರಿಯಲಿಸಂ (ಕಂಡದ್ದನ್ನು ಕಂಡ ಹಾಗೆ ಬರೆಯುವ ರೀತಿ) ಕಲಾವಿದರ ಮುಖಚಿತ್ರಗಳನ್ನು ಹಾಕಿದ್ದರು. ಕೆಳಗೆ ಬಂದ ಉತ್ತರಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ: ಕೈ ಚೆನ್ನಾಗಿದೆ, ಆದರೆ ಯುರೋಪಿನ ನಕಲು. ಆ ಮಾತು ನನಗೆ ಸರಿ ಅನಿಸಲಿಲ್ಲ. ಅಲ್ಲೇ ಉತ್ತರ ಬರೆದರೆ ಅವರ ವಿಷಯ ದಾರಿ ತಪ್ಪುತ್ತೆ ಅಂತ ಇಲ್ಲಿ ಬೇರೆಯಾಗಿ ಶುರು ಮಾಡಿದ್ದೇನೆ.

ನನಗೆ ಹೇಳಬೇಕಾದ್ದು ಇಷ್ಟು. ಮುಖವನ್ನು ಗೆರೆಯಲ್ಲಿ ಹಿಡಿಯಬೇಕಾ, ನೆರಳಲ್ಲಿ ಹಿಡಿಯಬೇಕಾ ಅನ್ನುವ ಪ್ರಶ್ನೆ ಜಪಾನಿನ ಕಲಾವಿದರ ಮುಂದೆ ಸುಮಾರು ಇನ್ನೂರು ವರ್ಷದಿಂದ ಇದೆ. ಅವರಲ್ಲಿ ಒಳ್ಳೆಯವರೆಲ್ಲ ಅದಕ್ಕೆ ತಮ್ಮದೇ ಉತ್ತರ ಹುಡುಕಿಕೊಂಡಿದ್ದಾರೆ.

ವಾತಾನಾಬೆ ಕಾಜಾನ್ 1837ರಲ್ಲಿ ಬರೆದ ತಾಕಾಮಿ ಸೆನ್ಸೆಕಿ ಅನ್ನುವವರ ಭಾವಚಿತ್ರ ನೋಡಿ. ರೇಷ್ಮೆ ಬಟ್ಟೆಯ ಮೇಲೆ ಬಣ್ಣ. ಈಗ ಟೋಕಿಯೊ ನ್ಯಾಷನಲ್ ಮ್ಯೂಸಿಯಂನಲ್ಲಿದೆ, ಅದಕ್ಕೆ ರಾಷ್ಟ್ರೀಯ ಸಂಪತ್ತಿನ ಪಟ್ಟ ಕೊಟ್ಟಿದ್ದಾರೆ. ಮುಖದಲ್ಲಿ ಕೆನ್ನೆಯ ತಗ್ಗು, ಮೂಗಿನ ಪಕ್ಕ, ಕಣ್ಣಿನ ಕೆಳಗಿನ ಚರ್ಮ ಎಲ್ಲವೂ ನೆರಳಿನಿಂದ ಉಬ್ಬಿ ಬಂದಿವೆ. ಅದನ್ನು ಡಚ್ ಪುಸ್ತಕಗಳ ಚಿತ್ರ ನೋಡಿ, ಪಾಶ್ಚಾತ್ಯ ರೀತಿಯನ್ನು ಅಭ್ಯಾಸ ಮಾಡಿ ಕಲಿತದ್ದು. ಆದರೆ ಕುತ್ತಿಗೆಯಿಂದ ಕೆಳಗೆ ಬನ್ನಿ. ಬಟ್ಟೆ ಪೂರ್ತಿ ಗೆರೆ. ಚಪ್ಪಟೆ ಬಣ್ಣ, ಮೇಲೆ ಚುರುಕಾದ ಕುಂಚದ ಓಟ. ಒಂದೇ ಚಿತ್ರದಲ್ಲಿ ಎರಡು ರೀತಿ ಇದೆ, ಆದರೂ ಎಲ್ಲೂ ಹೊಲಿಗೆ ಕಾಣಿಸಲ್ಲ. ನನಗಂತೂ ಇದು ಪ್ರಪಂಚದ ಅತಿ ದೊಡ್ಡ ಮುಖಚಿತ್ರಗಳಲ್ಲಿ ಒಂದು.

ಕಾಜಾನ್ ಬರೀ ಚಿತ್ರಗಾರ ಅಲ್ಲ. ತಾಹಾರಾ ಅನ್ನುವ ಸಣ್ಣ ಸಂಸ್ಥಾನದ ಹಿರಿಯ ಅಧಿಕಾರಿ. ಪಶ್ಚಿಮದ ವಿದ್ಯೆಯ ಮೇಲೆ ಪ್ರೀತಿ ಇದ್ದವನು. ಹೊರದೇಶಗಳ ಬಗ್ಗೆ ಸರ್ಕಾರದ ನೀತಿಯನ್ನು ಟೀಕಿಸಿ ಬರೆದಿಟ್ಟಿದ್ದ ಅಂತ 1839ರಲ್ಲಿ ಹಿಡಿದು ಹಾಕಿದರು. 1841ರಲ್ಲಿ ಪ್ರಾಣ ಕಳೆದುಕೊಂಡ. ಆ ನೆರಳು ಹಾಕಲು ಕಲಿಸಿದ ಕುತೂಹಲವೇ ಅವನನ್ನು ಅಲ್ಲಿಗೆ ತಂದಿತು. ಇಂಥವನನ್ನು ನಕಲು ಮಾಡಿದ ಅನ್ನೋಕೆ ಆಗುತ್ತಾ?

ನಿಮ್ಮ ಅಭಿಪ್ರಾಯ ಬೇಕು. ಮುಖ್ಯವಾಗಿ ಈ ಚಿತ್ರಗಳನ್ನು ಎದುರಿಗೆ ನಿಂತು ನೋಡಿದವರು ಬರೆಯಿರಿ.

ಧಾರವಾಡದ ಮೇಷ್ಟ್ರು:

ಒಳ್ಳೆ ವಿಷಯ ಎತ್ತಿದ್ದೀರಿ. ನಿಮ್ಮ ಮಾತಿಗೆ ಒಂದು ಸೇರಿಸುತ್ತೇನೆ, ಯಾಕೆಂದರೆ ಇದನ್ನು ಬಿಟ್ಟರೆ ಚಿತ್ರ ಅರ್ಧ ಆಗುತ್ತದೆ.

ಹೋಲಿಕೆ ತರುವುದನ್ನು ಜಪಾನಿಗೆ ಯುರೋಪ್ ಕಲಿಸಿತು ಅಂತ ಬಹಳ ಜನ ತಿಳಿದಿದ್ದಾರೆ. ಅದು ಸುಳ್ಳು. ಗೆಂಜಿ ಅನ್ನುವ ಜಪಾನಿನ ಹಳೇ ಕಥೆಯ 12ನೇ ಶತಮಾನದ ಚಿತ್ರಸುರುಳಿಯಲ್ಲಿ ಎಲ್ಲರ ಮುಖವೂ ಒಂದೇ ಎನ್ನುವುದು ನಿಜ. ಕಣ್ಣು ಅಂದರೆ ಒಂದು ಸಣ್ಣ ಗೆರೆ, ಮೂಗು ಅಂದರೆ ಒಂದು ಕೊಕ್ಕೆ. ದುಃಖ, ಆಸೆ ಎಲ್ಲವನ್ನೂ ಬಟ್ಟೆಯ ಬಣ್ಣ, ಮನೆಯ ತೊಲೆಗಳ ಓರೆ, ಪರದೆ ಇವು ಹೇಳುತ್ತವೆ. ಆದರೆ ಅದೇ ದೇಶದಲ್ಲಿ 15ನೇ ಶತಮಾನದ ಝೆನ್ ಬೌದ್ಧ ಗುರು ಇಕ್ಕ್ಯೂ ಅವರ ಚಿತ್ರ ಇದೆ. ಅವರ ಶಿಷ್ಯ ಬೊಕುಸಾಯ್ ಬರೆದದ್ದು ಅಂತ ಹೇಳುತ್ತಾರೆ. ಬೋಳಿಸದ ಗಡ್ಡ, ಕೆದರಿದ ಹುಬ್ಬು, ಓರೆಗಣ್ಣಲ್ಲಿ ನೇರ ನಮ್ಮ ಕಡೆಗೇ ಒಂದು ನೋಟ. ಆ ಮನುಷ್ಯ ದಾರಿಯಲ್ಲಿ ಸಿಕ್ಕರೆ ಗುರುತು ಹಿಡಿಯಬಹುದು. ಒಂದು ಹನಿ ನೆರಳಿಲ್ಲ. ಬರೀ ಗೆರೆ.

ಹಾಗಾದರೆ ಯುರೋಪಿನಿಂದ ಬಂದದ್ದೇನು? ಬಂದದ್ದು ಹೊತ್ತು. ನೆರಳು ಹಾಕಿದೆವು ಅಂದರೆ ಬೆಳಕು ಒಂದು ಕಡೆಯಿಂದ ಬರುತ್ತಿದೆ, ಒಂದು ಕಿಟಕಿ ಇದೆ, ಬೆಳಗ್ಗೆಯೋ ಸಂಜೆಯೋ ಆಗಿದೆ ಅಂತ ಒಪ್ಪಿಕೊಂಡ ಹಾಗೆ. ಗೆರೆಯಲ್ಲಿ ಬರೆದ ಮುಖಕ್ಕೆ ಹೊತ್ತು ಇಲ್ಲ. ಝೆನ್ ಗುರುವಿನ ಚಿತ್ರವನ್ನು ಶಿಷ್ಯನಿಗೆ ಕೊಡುತ್ತಿದ್ದರು, ಗುರು ಹೋದ ಮೇಲೂ ಅದು ಗುರುವೇ ಆಗಿ ಇರಬೇಕು. ಅಲ್ಲಿ ಮಧ್ಯಾಹ್ನ ಮೂರು ಗಂಟೆಯ ಬಿಸಿಲು ಯಾಕೆ ಬೇಕು?

ಇಷ್ಟು ಹೇಳಿದ ಮೇಲೆ ಕಾಜಾನ್ ಚಿತ್ರವನ್ನು ಇನ್ನೊಮ್ಮೆ ನೋಡಿ. ನೆರಳು ಇದೆ, ಆದರೆ ಬೆಳಕು ಯಾವ ಕಡೆಯಿಂದ ಅಂತ ಹೇಳುವುದು ಕಷ್ಟ. ಮೂಗಿನ ನೆರಳು ತುಟಿಯ ಮೇಲೆ ಬಿದ್ದಿಲ್ಲ. ಅವನು ನೆರಳನ್ನು ತೆಗೆದುಕೊಂಡ, ಹೊತ್ತನ್ನು ಬಿಟ್ಟ.

ರಂಗು_ರಂಗ:

ಮೇಷ್ಟ್ರೇ, ಕೊನೇ ಸಾಲು ಓದಿ ಚಿತ್ರ ತೆಗೆದು ಮತ್ತೆ ನೋಡಿದೆ. ಹೌದು!

ಆದರೆ ನಾನು ವಿರುದ್ಧ ಪಕ್ಷ. ಕಾಜಾನ್ ಬಗ್ಗೆ ತಕರಾರಿಲ್ಲ, ಇವತ್ತಿನವರ ಬಗ್ಗೆ ಇದೆ. ಇವತ್ತು ಜಪಾನಿನಲ್ಲಿ ರಿಯಲಿಸಂ ಅಂತ ಮಾರಾಟ ಆಗುವ ಮುಖಚಿತ್ರಗಳಲ್ಲಿ ಬಹುಪಾಲು ಏನು? ಬಿಳಿ ಉಡುಪಿನ ಚಂದದ ಹುಡುಗಿ, ಕಿಟಕಿ ಪಕ್ಕ ಕೂತಿದ್ದಾಳೆ, ಎಲ್ಲೋ ನೋಡುತ್ತಿದ್ದಾಳೆ, ಕೂದಲು ಒಂದೊಂದೂ ಕಾಣುತ್ತೆ. ಕ್ಯಾಮೆರಾ ಮಾಡುವ ಕೆಲಸವನ್ನು ತಿಂಗಳುಗಟ್ಟಲೆ ಕೂತು ಮಾಡಿದ್ದಾರೆ ಅಂತ ಮೆಚ್ಚಬೇಕಾ? ಅವಳು ಯಾರು, ಅವಳಿಗೇನು ಅನಿಸುತ್ತಿದೆ ಅಂತ ಚಿತ್ರ ಕೇಳುವುದೇ ಇಲ್ಲ.

ಈ ಕಡೆ ಯುರೋಪಿನಲ್ಲಿ ನೋಡಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿರುವ ಕಲಾವಿದೆ ಮಾರ್ಲೀನ್ ಡ್ಯೂಮಾಸ್, ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ. 1991-92ರಲ್ಲಿ ಬರೀ ಶಾಯಿ ಮತ್ತು ನೀರಿನಲ್ಲಿ ನೂರಕ್ಕೂ ಜಾಸ್ತಿ ಮುಖಗಳನ್ನು ಬರೆದು ಒಂದೇ ಕೃತಿ ಮಾಡಿದರು. ಶಾಯಿ ಹರಿದಿದೆ, ಕಲೆಯಾಗಿದೆ, ಆದರೂ ಒಂದೊಂದು ಮುಖವೂ ಬೇರೆ ಮನುಷ್ಯ. ಅಂದರೆ ಯುರೋಪಿನವರು ಶಾಯಿಯ ಕಡೆ ಬಂದರು, ಜಪಾನಿನವರು ಹಳೇ ಯುರೋಪಿನ ಎಣ್ಣೆ ಬಣ್ಣದ ಕಡೆ ಹೋದರು. ಇದರಲ್ಲಿ ಮುಂದೆ ಹೋದವರು ಯಾರು, ಹೇಳಿ.

ಚಿಬಾದಲ್ಲಿರುವ ಹಾಸನದವಳು:

ರಂಗ ಅವರೇ, ನೀವು ಹೇಳಿದ ಬಿಳಿ ಉಡುಪಿನ ಹುಡುಗಿಯರು ಇದ್ದಾರೆ, ಇಲ್ಲ ಅನ್ನಲ್ಲ. ಅಂಥ ಚಿತ್ರಗಳ ಮುಂದೆ ನಾನೂ ಬೇಗ ಮುಂದಕ್ಕೆ ಹೋಗುತ್ತೇನೆ. ಆದರೆ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಬೇಡಿ.

ನಾನಿರುವ ಊರಿನಲ್ಲೇ ಹೋಕಿ ಮ್ಯೂಸಿಯಂ ಇದೆ. 2010ರಲ್ಲಿ ತೆರೆದದ್ದು, ರಿಯಲಿಸಂ ಚಿತ್ರಗಳಿಗಾಗಿಯೇ ಕಟ್ಟಿದ್ದು. ಕಟ್ಟಡದ ಒಂದು ಭಾಗ ಕಂಬವಿಲ್ಲದೆ ಗಾಳಿಯಲ್ಲಿ ಚಾಚಿಕೊಂಡಿದೆ, ಒಳಗೆ ಉದ್ದಕ್ಕೆ ಬಾಗುತ್ತಾ ಹೋಗುವ ಓಣಿಗಳು. 2019ರ ಅಕ್ಟೋಬರ್‌ನಲ್ಲಿ ಭಾರಿ ಮಳೆ ಬಂದು ನೀರು ನುಗ್ಗಿ ಚಿತ್ರಗಳಿಗೂ ಹಾನಿಯಾಯಿತು. ಸುದ್ದಿ ಕೇಳಿ ನನಗೆ ಊಟ ಸೇರಲಿಲ್ಲ. ಮುಂದಿನ ವರ್ಷ ಮತ್ತೆ ತೆರೆದರು.

ಅಲ್ಲಿ ಮೋರಿಮೊತೊ ಸೋಸುಕೆ ಅವರ ಚಿತ್ರಗಳನ್ನು ನೋಡಿ. ಇವರು 2013ರಲ್ಲಿ ತೀರಿಕೊಂಡರು. ಇವರದ್ದೂ ಹೆಂಗಸರ ಚಿತ್ರಗಳೇ. ಆದರೆ ಇಡೀ ಚಿತ್ರ ಒಂಥರಾ ಕಂದು ಛಾಯೆಯಲ್ಲಿ ಮುಳುಗಿರುತ್ತದೆ. ಫೋಟೊದಲ್ಲಿ ಅದು ಬರುವುದಿಲ್ಲ, ಎದುರಿಗೆ ನಿಂತರೆ ಮಾತ್ರ ಗೊತ್ತಾಗುತ್ತೆ. ಬೆಳಕು ಎಲ್ಲಿಂದಲೋ ಬರುತ್ತಿದೆ, ಆದರೆ ಎಲ್ಲೂ ಹೊಡೆಯುವುದಿಲ್ಲ. ಮೇಷ್ಟ್ರು ಹೇಳಿದ ಹಾಗೆ, ಇದಕ್ಕೂ ಹೊತ್ತು ಇಲ್ಲ ಅನಿಸುತ್ತೆ.

ಇನ್ನೊಬ್ಬರು ಇಸೋಯೆ ತ್ಸುಯೋಶಿ. ಇವರ ಬಗ್ಗೆ ಜಾಸ್ತಿ ಹೇಳಬೇಕು. ಒಸಾಕಾದಲ್ಲಿ 1954ರಲ್ಲಿ ಹುಟ್ಟಿದರು, 1974ರಲ್ಲಿ ಸ್ಪೇನ್‌ಗೆ ಹೋದರು, ಮೂವತ್ತು ವರ್ಷದ ಹತ್ತಿರ ಮ್ಯಾಡ್ರಿಡ್‌ನಲ್ಲೇ ಇದ್ದರು. ಅಲ್ಲಿಯವರು ಗುಸ್ತಾವೊ ಇಸೋಯೆ ಅಂತ ಕರೆಯುತ್ತಿದ್ದರು. ಅಲ್ಲಿನ ಪ್ರಾಡೊ ಮ್ಯೂಸಿಯಂನಲ್ಲಿ ಹಳೆಯ ದೊಡ್ಡವರ ಚಿತ್ರಗಳ ಪ್ರತಿ ಮಾಡಿ ಕೈ ಪಳಗಿಸಿಕೊಂಡವರು. 2007ರಲ್ಲಿ, ಐವತ್ತಮೂರರ ವಯಸ್ಸಲ್ಲೇ ಹೋಗಿಬಿಟ್ಟರು. ಅವರು ಬರೆದ ಮಲಗಿದ ಮನುಷ್ಯರ ಮೈ ನೋಡಿದರೆ ಚಂದ ಅನ್ನುವ ಮಾತು ಬಾಯಿಗೆ ಬರುವುದಿಲ್ಲ. ತೂಕ ಕಾಣುತ್ತೆ. ಈ ಮೈ ಒಂದು ದಿನ ಇರುವುದಿಲ್ಲ ಅನ್ನುವುದು ಕಾಣುತ್ತೆ. ಸ್ಪೇನಿನ ರಿಯಲಿಸಂ ಕಲಿತ ಕೈ, ನಿಜ. ಆದರೆ ಸುತ್ತಲೂ ಅವರು ಬಿಡುವ ಖಾಲಿ ಜಾಗ ಇದೆಯಲ್ಲ, ಏನೂ ಇಲ್ಲದ ಗೋಡೆ, ಏನೂ ಇಲ್ಲದ ನೆಲ, ಅದು ನನಗೆ ಇಲ್ಲಿನದೇ ಅನಿಸುತ್ತದೆ. ಕ್ಯಾಮೆರಾ ಅದನ್ನು ಮಾಡಲ್ಲ.

ರಂಗು_ರಂಗ:

ಇಸೋಯೆ ನನಗೆ ಗೊತ್ತಿರಲಿಲ್ಲ. ಹುಡುಕಿ ನೋಡಿದೆ. ಇವರನ್ನು ಆ ಗುಂಪಿನಲ್ಲಿ ಸೇರಿಸಲ್ಲ. ಮಿಕ್ಕವರ ಬಗ್ಗೆ ನನ್ನ ಮಾತು ಹಾಗೇ ಇದೆ.

ಕುಂಚದ ಕಡ್ಡಿ:

ಹಾಸನದವರು ಮ್ಯಾಡ್ರಿಡ್ ಅಂದಿದ್ದಕ್ಕೆ ಪ್ಯಾರಿಸ್ ನೆನಪಾಯಿತು. ಅಲ್ಲಿಗೆ ಹೋದ ಜಪಾನಿನ ಕಲಾವಿದ ಫುಜಿತಾ ಬಗ್ಗೆ ಯಾರೂ ಎತ್ತಿಲ್ಲ, ನಾನೇ ಬರೆಯುತ್ತೇನೆ. ಗೆರೆ ಮತ್ತು ನೆರಳಿನ ಜಗಳವನ್ನು ಇಷ್ಟು ಧೈರ್ಯವಾಗಿ ಬಗೆಹರಿಸಿದವರು ಇನ್ನೊಬ್ಬರಿಲ್ಲ.

ಫುಜಿತಾ ತ್ಸುಗುಹಾರು 1886ರಲ್ಲಿ ಟೋಕಿಯೊದಲ್ಲಿ ಹುಟ್ಟಿದರು. ಟೋಕಿಯೊ ಕಲಾಶಾಲೆಯಲ್ಲಿ ಓದುವಾಗ ಪಾಶ್ಚಾತ್ಯ ಚಿತ್ರಕಲೆ ವಿಭಾಗದ ಮುಖ್ಯಸ್ಥರು ಕುರೋದಾ ಸೇಕಿ. ಕುರೋದಾ ಫ್ರಾನ್ಸ್‌ಗೆ ಹೋದದ್ದು ಕಾನೂನು ಓದಲು, ವಾಪಸ್ ಬಂದದ್ದು ಚಿತ್ರಗಾರರಾಗಿ. 1897ರಲ್ಲಿ ಅವರು ಬರೆದ ಸರೋವರದ ದಡದ ಚಿತ್ರ, ಮುಂದೆ ತಮ್ಮ ಹೆಂಡತಿಯಾದವರು ಬೀಸಣಿಗೆ ಹಿಡಿದು ಕೂತದ್ದು, ಅಲ್ಲಿ ಬಹಳ ಪ್ರಸಿದ್ಧ. ತಿಳಿ ಬೆಳಕು, ತಿಳಿ ನೆರಳು. ಆ ಶಾಲೆಯಲ್ಲಿ ಓದು ಮುಗಿಸುವ ವಿದ್ಯಾರ್ಥಿ ತನ್ನದೇ ಮುಖಚಿತ್ರ ಬರೆದು ಕೊಡಬೇಕು ಅನ್ನುವ ಪದ್ಧತಿ ಇತ್ತು, ಆ ಚಿತ್ರಗಳ ದೊಡ್ಡ ಸಂಗ್ರಹ ಈಗಲೂ ಅಲ್ಲಿದೆ. ಫುಜಿತಾ ಬರೆದುಕೊಟ್ಟ ಚಿತ್ರ ಕುರೋದಾಗೆ ಹಿಡಿಸಲಿಲ್ಲ. ಗುರುಗಳ ತಿಳಿ ಬೆಳಕಿನ ದಾರಿಯಲ್ಲಿ ಅದು ಇರಲಿಲ್ಲ.

1913ರಲ್ಲಿ ಪ್ಯಾರಿಸ್‌ಗೆ ಹೋದರು. ಅಲ್ಲಿ ಪಿಕಾಸೊ, ಮೊದಿಗ್ಲಿಯಾನಿ ಇದ್ದ ಕಾಲ, ಹಲವರು ಬಣ್ಣ ದಪ್ಪಗೆ ಬಳಿಯುತ್ತಿದ್ದರು. ಇವರು ಉಲ್ಟಾ ಹೋದರು. ಕ್ಯಾನ್ವಾಸ್ ಮೇಲೆ ಹಾಲಿನ ಬಿಳಿಯ ನುಣುಪಾದ ಹಿನ್ನೆಲೆ ಕಟ್ಟಿದರು, ಅದರ ಮೇಲೆ ಜಪಾನಿನ ಸಣ್ಣ ಕುಂಚದಲ್ಲಿ ಕಪ್ಪು ಶಾಯಿಯ ಕೂದಲೆಳೆ ಗೆರೆ ಎಳೆದರು. ಕಣ್ಣು, ಹುಬ್ಬು ಬರೆಯಲು ಗೊಂಬೆ ಮಾಡುವವರೂ ಬಳಸುವ ಕುಂಚ ಅದು. ಎಣ್ಣೆ ಬಣ್ಣದ ಮೇಲೆ ನೀರಿನ ಶಾಯಿ ನಿಲ್ಲುವುದಿಲ್ಲ, ಜಾರಿ ಹನಿಯಾಗುತ್ತೆ. ಅವರದ್ದು ನಿಂತಿತು! ಹೇಗೆ ಅಂತ ಬದುಕಿರುವವರೆಗೂ ಬಾಯಿ ಬಿಡಲಿಲ್ಲ. ಎಷ್ಟೋ ವರ್ಷದ ಮೇಲೆ ಚಿತ್ರಗಳನ್ನು ಪರೀಕ್ಷೆ ಮಾಡಿದವರಿಗೆ ಬಿಳಿಯಲ್ಲಿ ಸುಣ್ಣದ ಅಂಶ, ಮೇಲ್ಮೈಯಲ್ಲಿ ಟಾಲ್ಕ್ ಸಿಕ್ಕಿತು. ಮಕ್ಕಳಿಗೆ ಹಾಕುವ ಪೌಡರ್‌ನ ಟಾಲ್ಕೇ. ಎಣ್ಣೆಯ ಹೊಳಪು ಸತ್ತು, ಶಾಯಿ ಹಿಡಿಯುವ ಮೈ ಬಂತು.

1922ರಲ್ಲಿ ಎಮಿಲಿ ಕ್ರೇನ್ ಚಾಡ್‌ಬೋರ್ನ್ ಅನ್ನುವ ಅಮೆರಿಕನ್ ಶ್ರೀಮಂತೆಯ ಚಿತ್ರ ಬರೆದರು. ಈಗ ಶಿಕಾಗೊದಲ್ಲಿದೆ. ಆಕೆ ಒರಗಿ ಕೂತಿದ್ದಾರೆ, ಜೊತೆಗೆ ಬೆಕ್ಕು, ಹಿಂದೆ ಪೂರ್ತಿ ಬೆಳ್ಳಿ ರೇಕು. ಜಪಾನಿನ ಮಡಿಸುವ ಪರದೆಗಳಿಗೆ ಹಾಕುತ್ತಿದ್ದ ರೇಕು ಪ್ಯಾರಿಸ್ಸಿನ ಪೋರ್ಟ್ರೇಟ್‌ಗೆ ಬಂತು. ಮುಖದಲ್ಲಿ ನೆರಳು ಎಷ್ಟಿದೆ ಅಂದರೆ ಗೆರೆಯ ಎರಡೂ ಪಕ್ಕ ಒಂದು ಸಣ್ಣ ಬೂದು ಉಸಿರು, ಅಷ್ಟೇ.

ಮುಂದೆ ಯುದ್ಧಕಾಲದಲ್ಲಿ ಸೇನೆಗಾಗಿ ಚಿತ್ರ ಬರೆದರು, ಯುದ್ಧ ಮುಗಿದ ಮೇಲೆ ಅದಕ್ಕಾಗಿ ತೀವ್ರ ಟೀಕೆ ಕೇಳಿದರು, 1949ರಲ್ಲಿ ಜಪಾನ್ ಬಿಟ್ಟರು, 1955ರಲ್ಲಿ ಫ್ರೆಂಚ್ ಪ್ರಜೆಯಾದರು. ಆ ಕಥೆಗೆ ಬೇರೆಯೇ ಚರ್ಚೆ ಬೇಕು.

ಸುಮಾ_ಕ್ಯೋಟೊ:

ಬಿಳಿ ಬಣ್ಣದ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಕ್ಯೋಟೊದಲ್ಲಿದ್ದಾಗ ನಿಹೊಂಗಾ ತರಗತಿಗೆ ಹೋಗುತ್ತಿದ್ದೆ. ಕಲ್ಲಿನ ಪುಡಿ, ಅಂಟು, ಕಾಗದ ಅಥವಾ ರೇಷ್ಮೆ, ಇವುಗಳಲ್ಲೇ ಬರೆಯುವ ಜಪಾನಿ ಪದ್ಧತಿ. ಪೋರ್ಟ್ರೇಟ್ ಬಗ್ಗೆ ಮಾತಾಡುವಾಗ ಬಣ್ಣದ ಡಬ್ಬಿ ಒಳಗೇನಿದೆ ಅಂತ ನೋಡದಿದ್ದರೆ ಅರ್ಧ ವಿಷಯ ಕೈ ತಪ್ಪುತ್ತೆ.

ಚರ್ಮಕ್ಕೆ ಬಳಸುವ ಬಿಳಿ ಸಿಂಪಿ ಚಿಪ್ಪಿನ ಪುಡಿ. ಅದನ್ನು ಬೆಚ್ಚಗಿನ ಪ್ರಾಣಿ ಅಂಟಿನ ಜೊತೆ ಸೇರಿಸಿ ರೊಟ್ಟಿ ಹಿಟ್ಟಿನ ಹಾಗೆ ನಾದಬೇಕು, ಉಂಡೆ ಮಾಡಿ ತಟ್ಟೆಗೆ ಬಡಿಯಬೇಕು, ಮತ್ತೆ ನಾದಬೇಕು. ಅವಸರ ಮಾಡಿದರೆ ಒಣಗಿದ ಮೇಲೆ ಬಿರುಕು ಬಿಡುತ್ತೆ. ಅಂಟು ಜಾಸ್ತಿಯಾದರೂ ಬಿರುಕು, ಕಡಿಮೆಯಾದರೆ ಕೈಗೆ ಉದುರುತ್ತೆ. ಬೇಸಿಗೆಯಲ್ಲಿ ಅಂಟು ಬೇಗ ಕೆಟ್ಟು ನಾರುತ್ತದೆ.

ಮಿಕ್ಕ ಬಣ್ಣ ಕಲ್ಲಿನದು. ನೀಲಿ, ಹಸಿರು ಎಲ್ಲ ಖನಿಜ ಅರೆದು ಮಾಡಿದ್ದು. ಒಂದೇ ಕಲ್ಲು, ದಪ್ಪ ಕಾಳಾದರೆ ಗಾಢ ಬಣ್ಣ, ನುಣ್ಣಗೆ ಅರೆದರೆ ತಿಳಿ ಬಣ್ಣ. ಎಣ್ಣೆ ಬಣ್ಣದ ಹಾಗೆ ಎರಡನ್ನು ಬ್ರಷ್‌ನಲ್ಲಿ ಕಲೆಸಿ ಕೆನ್ನೆಯಿಂದ ಕಿವಿಯವರೆಗೆ ನಯವಾಗಿ ಎಳೆಯುವುದು ಇದರಲ್ಲಿ ಕಷ್ಟ. ಕಾಳಿನ ತೂಕ ಬೇರೆ ಬೇರೆ, ನೀರಿನಲ್ಲಿ ಬೇರೆಯಾಗಿ ನಿಲ್ಲುತ್ತವೆ. ಅದಕ್ಕೇ ಪದರದ ಮೇಲೆ ಪದರ. ರೇಷ್ಮೆ ಆದರೆ ಇನ್ನೊಂದು ಉಪಾಯ ಇದೆ. ಬಟ್ಟೆಯ ಹಿಂಬದಿಯಿಂದ ಬಿಳಿ ಹಚ್ಚುತ್ತಾರೆ. ಮುಂದಿನಿಂದ ನೋಡಿದರೆ ನೂಲಿನ ನಡುವಿನಿಂದ ಮಾತ್ರ ಅದು ಕಾಣುತ್ತೆ. ಚರ್ಮ ಒಳಗಿನಿಂದ ಬೆಳಗಿದ ಹಾಗೆ ಇರುತ್ತದೆ.

ಈಗ ಯೋಚಿಸಿ. ಬೆಳಕು ಹೊರಗಿನಿಂದ ಚರ್ಮಕ್ಕೆ ಬಡಿಯುವ ಹಾಗೆ ಬರೆಯಲು ಎಣ್ಣೆ ಬಣ್ಣ ಹೇಳಿ ಮಾಡಿಸಿದ್ದು. ಲಂಡನ್‌ನ ಚಿತ್ರಗಾರ ಲೂಸಿಯನ್ ಫ್ರಾಯ್ಡ್ ಸೀಸದ ದಪ್ಪ ಬಿಳಿಯನ್ನು ಮೆತ್ತಿ ಮೆತ್ತಿ ಮೈ ಕಟ್ಟುತ್ತಿದ್ದರು, ಅವರ ಚಿತ್ರದಲ್ಲಿ ಚರ್ಮಕ್ಕೆ ಉಬ್ಬು ತಗ್ಗು ಕೈಗೇ ಸಿಗುತ್ತದೆ. ರೇಷ್ಮೆ ಮತ್ತು ಚಿಪ್ಪಿನ ಬಿಳಿ ಅದನ್ನು ಮಾಡಲ್ಲ, ಬೇರೆ ಏನನ್ನೋ ಮಾಡುತ್ತೆ. ಇವತ್ತಿನವರಲ್ಲಿ ಇಕೆನಾಗಾ ಯಾಸುನಾರಿ ಲಿನೆನ್ ಬಟ್ಟೆಗೆ ಕಂದು ಬಣ್ಣ ಹಾಕಿ ಅದರ ಮೇಲೆ ಖನಿಜ ಬಣ್ಣದಲ್ಲಿ ಈ ಕಾಲದ ಹೆಂಗಸರನ್ನು ಬರೆಯುತ್ತಾರೆ. ಅವರ ಚಿತ್ರದ ಚರ್ಮ ಬಿಳಿ ಅಲ್ಲ, ಬಟ್ಟೆಯ ಕಂದು ಬಣ್ಣವೇ. ನಮ್ಮ ಮೈಬಣ್ಣಕ್ಕೆ ಹತ್ತಿರ. ಅದನ್ನು ನೋಡಿ ನನಗೆ ತುಂಬಾ ಸಂತೋಷವಾಯಿತು, ಯಾಕೆಂದರೆ ತರಗತಿಯಲ್ಲಿ ನನ್ನ ಅಮ್ಮನ ಮುಖ ಬರೆಯಲು ಹೊರಟಾಗ ಚಿಪ್ಪಿನ ಬಿಳಿ ನನಗೆ ಉಪಯೋಗಕ್ಕೇ ಬಂದಿರಲಿಲ್ಲ.

ಅರಳೀಮರ:

ಸುಮಾ ಅವರೇ, ಇದನ್ನೆಲ್ಲ ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ. ಒಂದು ಪ್ರಶ್ನೆ. ಚಿತ್ರಕ್ಕೆ ಕೂತವರ ಬಗ್ಗೆ ಈ ಚರ್ಚೆಯಲ್ಲಿ ಯಾರೂ ಮಾತಾಡುತ್ತಿಲ್ಲ. ಚಿತ್ರ ಬರೆಸಿಕೊಂಡವರಿಗೆ ಏನನಿಸಿತು?

ಚಿಬಾದಲ್ಲಿರುವ ಹಾಸನದವಳು:

ಒಳ್ಳೆ ಪ್ರಶ್ನೆ. ಇದಕ್ಕೆ ಜಪಾನಿನಲ್ಲಿ ಎಲ್ಲರೂ ಹೇಳುವ ಒಂದು ಕಥೆ ಇದೆ. 1872ರಲ್ಲಿ ತಾಕಾಹಾಶಿ ಯೂಯಿಚಿ ಕೊಯಿನಾ ಅನ್ನುವ ಹೆಸರಾಂತ ವೇಶ್ಯೆಯ ಚಿತ್ರವನ್ನು ಎಣ್ಣೆ ಬಣ್ಣದಲ್ಲಿ ಬರೆದರು. ಅಲ್ಲಿಯವರೆಗೆ ಅಂಥ ಹೆಂಗಸರ ಚಿತ್ರ ಅಂದರೆ ಮರದಚ್ಚಿನ ಚಿತ್ರ. ಉದ್ದ ಮುಖ, ನಾಲ್ಕು ಗೆರೆ, ದೇವಲೋಕದವರ ಹಾಗೆ. ತಾಕಾಹಾಶಿ ಕಂಡದ್ದನ್ನು ಕಂಡ ಹಾಗೆ ಬರೆದರು. ದಣಿದ ಕಣ್ಣು, ಗಟ್ಟಿ ಕೆನ್ನೆಮೂಳೆ, ತಲೆ ತುಂಬಾ ಸಿಕ್ಕಿಸಿದ ಭಾರದ ಕಡ್ಡಿಗಳು. ಅದನ್ನು ನೋಡಿ ಆಕೆ ನನ್ನ ಮುಖ ಹೀಗಿಲ್ಲ ಅಂತ ಅತ್ತಳಂತೆ. ಕಥೆ ಹೇಗೇ ಇರಲಿ, ಚಿತ್ರದ ಮುಂದೆ ನಿಂತರೆ ನಂಬಬೇಕು ಅನಿಸುತ್ತೆ. ನೆರಳು ಬಂದಾಗ ಅವಳ ವಯಸ್ಸು ಬಂತು, ಸುಸ್ತು ಬಂತು.

ರಂಗ ಅವರು ಹೇಳಿದ ಕಿಟಕಿ ಪಕ್ಕದ ಹುಡುಗಿಯರ ಬಗ್ಗೆ ನನ್ನ ಬೇಸರವೂ ಇದೇ. ಎಣ್ಣೆ ಬಣ್ಣ, ನೆರಳು ಎಲ್ಲ ಇದೆ, ಆದರೆ ಆ ಹುಡುಗಿಗೆ ಸುಸ್ತಾಗುವುದೇ ಇಲ್ಲ. ಅದೇ ಹೆಂಗಸೊಬ್ಬರು ಬರೆದಾಗ ನೋಡಿ. ಉಯೆಮುರಾ ಶೋಎನ್ 1936ರಲ್ಲಿ ಬರೆದ ನೃತ್ಯದ ಚಿತ್ರದಲ್ಲಿ ಅವರ ಸೊಸೆಯೇ ಮಾದರಿಯಾಗಿ ನಿಂತದ್ದು. ಮುಖ ಪೂರ್ತಿ ಹಳೇ ಪದ್ಧತಿ, ನೆರಳೇ ಇಲ್ಲ. ಆದರೆ ಬೀಸಣಿಗೆ ಚಾಚಿದ ಆ ಕೈಯಲ್ಲಿ ಎಂಥ ಗಟ್ಟಿತನ! ಶೋಎನ್‌ಗೆ 1948ರಲ್ಲಿ ದೇಶದ ದೊಡ್ಡ ಸಂಸ್ಕೃತಿ ಪ್ರಶಸ್ತಿ ಬಂತು, ಹೆಂಗಸರಲ್ಲಿ ಅವರೇ ಮೊದಲು.

ರಂಗು_ರಂಗ:

ಅರಳೀಮರ ಅವರ ಪ್ರಶ್ನೆಗೆ ಯುರೋಪಿನ ಕಡೆಯಿಂದ ನಾನು ಹೇಳುತ್ತೇನೆ. 2002ರಲ್ಲಿ ಇಂಗ್ಲೆಂಡಿನ ಇನ್ನೊಬ್ಬ ಚಿತ್ರಗಾರ ಡೇವಿಡ್ ಹಾಕ್ನಿ ಲೂಸಿಯನ್ ಫ್ರಾಯ್ಡ್ ಎದುರು ಕೂತರು. ನೂರು ಗಂಟೆಗೂ ಜಾಸ್ತಿ. ಆಮೇಲೆ ಫ್ರಾಯ್ಡ್ ಹಾಕ್ನಿ ಎದುರು ಕೂತದ್ದು ಕೆಲವೇ ಗಂಟೆ. ಬ್ರಿಟನ್ ರಾಣಿ ಎರಡನೇ ಎಲಿಜಬೆತ್ ಅವರ ಚಿತ್ರವನ್ನೂ ಫ್ರಾಯ್ಡ್ ಬರೆದರು, 2000-01ರಲ್ಲಿ. ಅಂಗೈಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಕೆಲವು ಪತ್ರಿಕೆಗಳು ಹೀನಾಯವಾಗಿ ಬರೆದವು. ನನಗೆ ಅದು ಇಷ್ಟ. ಕಿರೀಟ ಇದೆ, ಆದರೆ ಕೆಳಗೆ ಒಬ್ಬ ವಯಸ್ಸಾದ ಹೆಂಗಸು ಇದ್ದಾಳೆ.

ಸ್ಪೇನಿನಲ್ಲಿ ಆಂಟೋನಿಯೊ ಲೋಪೆಸ್ ರಾಜಮನೆತನದ ಚಿತ್ರ ಶುರು ಮಾಡಿದ್ದು 1994ರಲ್ಲಿ, ಮುಗಿಸಿದ್ದು 2014ರಲ್ಲಿ. ಇಪ್ಪತ್ತು ವರ್ಷ! ಅಷ್ಟರಲ್ಲಿ ರಾಜ ಹುವಾನ್ ಕಾರ್ಲೋಸ್ ಸಿಂಹಾಸನ ಬಿಟ್ಟಾಗಿತ್ತು. ಬಹುಮಟ್ಟಿಗೆ ಹಳೆಯ ಫೋಟೊಗಳನ್ನು ಇಟ್ಟುಕೊಂಡೇ ಬರೆದದ್ದು ಅದು. ಹಾಗಾಗಿ ಫೋಟೊ ಬಳಸಿದರು ಅನ್ನುವ ಒಂದೇ ಕಾರಣಕ್ಕೆ ನಾನು ಯಾರನ್ನೂ ತಳ್ಳಿಹಾಕಲ್ಲ. ಎಷ್ಟು ಹೊತ್ತು ಆ ಮುಖದ ಜೊತೆ ಇದ್ದರು ಅನ್ನುವುದು ಚಿತ್ರದಲ್ಲಿ ಕಾಣಬೇಕು.

ಧಾರವಾಡದ ಮೇಷ್ಟ್ರು:

ಜೊತೆ ಇದ್ದ ಹೊತ್ತು ಅಂದಿರಲ್ಲ, ಅದಕ್ಕೆ ಎರಡು ಹೆಸರು ಹೇಳಲೇಬೇಕು.

ಒಂದು, ಕಿಶಿದಾ ರ್ಯೂಸೇ. ಮಗಳು ರೇಯಿಕೊಳನ್ನು ವರ್ಷಾನುಗಟ್ಟಲೆ ಬರೆದರು. ಡ್ಯೂರರ್, ವಾನ್ ಐಕ್ ಅನ್ನುವ ಯುರೋಪಿನ ಹಳೇ ಚಿತ್ರಗಾರರನ್ನು ಕಣ್ಣಿಟ್ಟು ಓದಿದವರು. 1921ರ ಚಿತ್ರದಲ್ಲಿ ಪುಟ್ಟ ಹುಡುಗಿ ಉಣ್ಣೆಯ ಶಾಲು ಹೊದ್ದು, ಕೈಯಲ್ಲಿ ಒಂದು ಹಸಿರು ಕಿತ್ತಳೆ ಕಾಯಿ ಹಿಡಿದು ನಗುತ್ತಾಳೆ. ಶಾಲಿನ ಒಂದೊಂದು ಗಂಟೂ ವಾನ್ ಐಕ್‌ನ ನಾಡಾದ ಫ್ಲಾಂಡರ್ಸ್‌ನವರು ಬರೆದ ಹಾಗೆ. ಆದರೆ ಕೈ ತೀರಾ ಸಣ್ಣದು, ಮುಖ ಅಗಲ, ನಗು ಈ ಲೋಕದ್ದಲ್ಲ. ಮೊದಲ ಸಲ ನೋಡಿದವರಿಗೆ ಹೆದರಿಕೆಯಾಗುತ್ತೆ. ಆಮೇಲೆ ಅವರು ಹಳೆಯ ಚೀನೀ ಚಿತ್ರಗಳ ಕಡೆ ಇನ್ನೂ ಜಾಸ್ತಿ ವಾಲಿದರು. ಇದು ಯಾವ ನಕಲು, ಹೇಳಿ ನೋಡೋಣ.

ಇನ್ನೊಬ್ಬರು ಕಾಬುರಾಕಿ ಕಿಯೊಕಾತಾ. ಕಥೆ ಹೇಳುವ ಕಲಾವಿದ ಎಂಚೊ ಅವರ ಚಿತ್ರವನ್ನು 1930ರಲ್ಲಿ ಬರೆದರು. ಎಂಚೊ ತೀರಿಕೊಂಡದ್ದು 1900ರಲ್ಲಿ. ಹುಡುಗನಾಗಿದ್ದಾಗ ಜೊತೆಯಲ್ಲಿ ಓಡಾಡಿದ ನೆನಪಿನಿಂದ, ಮೂವತ್ತು ವರ್ಷದ ಮೇಲೆ ಬರೆದದ್ದು. ಕೈಯಲ್ಲಿ ಚಹಾ ಬಟ್ಟಲು, ಸಭಿಕರ ಮೇಲೆ ಒಂದು ನೋಟ, ಇನ್ನೇನು ಮಾತು ಶುರುವಾಗಬೇಕು. ಎದುರಿಗೆ ಮನುಷ್ಯನೇ ಇಲ್ಲ, ಆದರೂ ಹೋಲಿಕೆ.

ಇನ್ನು ನಮ್ಮ ಕಡೆಗೂ ಇದರ ಒಂದು ಎಳೆ ಇದೆ. 1903ರಲ್ಲಿ ಜಪಾನಿನ ಚಿತ್ರಗಾರರಾದ ಯೊಕೊಯಾಮಾ ತಾಯಿಕಾನ್ ಮತ್ತು ಹಿಶಿದಾ ಶುನ್ಸೊ ಕಲ್ಕತ್ತಕ್ಕೆ ಬಂದರು. ಅವರಿಂದ ಅವನೀಂದ್ರನಾಥ ಟಾಗೋರರು ನೀರಿನಲ್ಲಿ ಬಣ್ಣ ತೊಳೆದು ತೊಳೆದು ಮಬ್ಬು ತರುವ ರೀತಿಯನ್ನು ಎತ್ತಿಕೊಂಡರು. ವಿಶೇಷ ಏನೆಂದರೆ ಆಗ ಆ ಇಬ್ಬರೂ ತಮ್ಮ ದೇಶದಲ್ಲಿ ಗೆರೆಯನ್ನೇ ಬಿಟ್ಟು ಮಬ್ಬಿನಲ್ಲಿ ಬರೆಯುತ್ತಿದ್ದರು, ಅದಕ್ಕೆ ಅಲ್ಲಿನ ವಿಮರ್ಶಕರಿಂದ ಬೈಸಿಕೊಂಡಿದ್ದರು. ಅವನೀಂದ್ರನಾಥರ ಹತ್ತಿರ ಕಲಿತವರಲ್ಲಿ ನಮ್ಮ ಮೈಸೂರಿನ ಕೆ. ವೆಂಕಟಪ್ಪ ಒಬ್ಬರು. ಅವರೂ ಹುಟ್ಟಿದ್ದು 1886, ಫುಜಿತಾ ಹುಟ್ಟಿದ ವರ್ಷವೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ಎಣ್ಣೆ ಬಣ್ಣವನ್ನು ನೋಡಿ, ಆಮೇಲೆ ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿರುವ ವೆಂಕಟಪ್ಪ ಗ್ಯಾಲರಿಯಲ್ಲಿ ಅವರ ಜಲವರ್ಣ ನೋಡಿ. ಗೆರೆ, ನೆರಳು, ಮಬ್ಬು ಮೂರೂ ನಮ್ಮ ರಾಜ್ಯದಲ್ಲೇ ಸಿಗುತ್ತವೆ.

ಅರಳೀಮರ:

ಇನ್ನೊಂದು ಕೇಳಲಾ? ಯೊಶಿತೊಮೊ ನಾರಾ ಬರೆಯುವ ದೊಡ್ಡ ತಲೆಯ ಸಿಟ್ಟಿನ ಹುಡುಗಿಯರು ಪೋರ್ಟ್ರೇಟಾ? ನನ್ನ ಮಗಳು ಅದನ್ನೇ ಬರೆಯುತ್ತಾ ಕೂತಿರುತ್ತಾಳೆ.

ಕುಂಚದ ಕಡ್ಡಿ:

ನನ್ನ ಲೆಕ್ಕದಲ್ಲಿ ಹೌದು. ನಾರಾ 1988ರಲ್ಲಿ ಜರ್ಮನಿಯ ಡ್ಯುಸೆಲ್ಡಾರ್ಫ್ ಕಲಾಶಾಲೆಗೆ ಹೋದರು, 2000ದವರೆಗೆ ಆ ದೇಶದಲ್ಲೇ ಇದ್ದರು. ಭಾಷೆ ಬರದ ಊರಿನಲ್ಲಿ ಒಬ್ಬರೇ ಇದ್ದಾಗ ಆ ಮುಖ ಗಟ್ಟಿಯಾಯಿತು. ಮೊದಮೊದಲ ಚಿತ್ರಗಳಲ್ಲಿ ದಪ್ಪ ಕಪ್ಪು ಗೆರೆ. ಈಚಿನ ದೊಡ್ಡ ಮುಖಗಳಲ್ಲಿ ಗೆರೆ ಕರಗಿದೆ, ಬಣ್ಣದ ಮೇಲೆ ಬಣ್ಣ ತೆಳುವಾಗಿ ಕೂತಿದೆ, ಕಣ್ಣಿನೊಳಗೆ ನೂರು ಬಣ್ಣ. ಅದು ಯಾವುದೋ ಒಂದು ಹುಡುಗಿಯಲ್ಲ, ಆದರೆ ಒಬ್ಬ ಮನುಷ್ಯನ ಒಂಟಿತನ. ಮಗಳು ಬರೆಯಲಿ ಬಿಡಿ. ಜೊತೆಗೆ ಕನ್ನಡಿ ಇಟ್ಟುಕೊಂಡು ತನ್ನ ಮುಖವನ್ನೂ ಬರೆಯಲು ಹೇಳಿ, ಒಮ್ಮೆ ಬರೀ ಗೆರೆಯಲ್ಲಿ, ಒಮ್ಮೆ ಬರೀ ನೆರಳಲ್ಲಿ.

ರಂಗು_ರಂಗ:

ನನ್ನ ಮಾತನ್ನು ಸ್ವಲ್ಪ ಬದಲಿಸಿ ಹೇಳುತ್ತೇನೆ. ನಕಲು ಅನ್ನುವ ಪದ ಬೇಡ. ಕೆಲವರು ಮುಖವನ್ನು ಹೇಗೆ ಹಿಡಿಯಬೇಕು ಅನ್ನುವ ಪ್ರಶ್ನೆ ಕೇಳಿಕೊಂಡು ಬರೆಯುತ್ತಾರೆ, ಕೆಲವರು ಕೇಳಿಕೊಳ್ಳದೆ ಬರೆಯುತ್ತಾರೆ. ಎರಡನೇ ಗುಂಪು ಯುರೋಪಿನಲ್ಲೂ ಬೇಕಾದಷ್ಟಿದೆ.

ಹಾಸನದವರೇ, ಮುಂದಿನ ವರ್ಷ ಆ ಕಡೆ ಬರುವ ಯೋಚನೆ ಇದೆ. ಇವೆಲ್ಲ ಎಲ್ಲಿ ನೋಡಲಿ?

ಚಿಬಾದಲ್ಲಿರುವ ಹಾಸನದವಳು:

ಬನ್ನಿ ಬನ್ನಿ. ಒಂದು ವಿಷಯ ಮೊದಲೇ ತಿಳಿದುಕೊಂಡಿರಿ. ರೇಷ್ಮೆ ಮತ್ತು ಕಾಗದದ ಮೇಲಿನ ಹಳೇ ಚಿತ್ರಗಳನ್ನು ವರ್ಷಪೂರ್ತಿ ಹೊರಗೆ ಇಡುವುದಿಲ್ಲ, ಬೆಳಕಿಗೆ ಕೆಡುತ್ತವೆ. ಕಾಜಾನ್ ಆಗಲಿ ಇಕ್ಕ್ಯೂ ಆಗಲಿ ಕೆಲವು ವಾರ ಮಾತ್ರ ಗೋಡೆಗೆ ಬರುತ್ತವೆ. ಟಿಕೆಟ್ ಬುಕ್ ಮಾಡುವ ಮುಂಚೆ ಟೋಕಿಯೊ ನ್ಯಾಷನಲ್ ಮ್ಯೂಸಿಯಂ ವೆಬ್‌ಸೈಟ್ ನೋಡಿ. ಅದು ಉಯೆನೊದಲ್ಲಿದೆ, ಅಲ್ಲೇ ನಡೆದುಕೊಂಡು ಹೋಗುವಷ್ಟು ದೂರದಲ್ಲಿ ಕಲಾ ವಿಶ್ವವಿದ್ಯಾಲಯದ ಮ್ಯೂಸಿಯಂ. ಕೊಯಿನಾಳ ಚಿತ್ರವೂ ಶೋಎನ್ ಅವರ ನೃತ್ಯದ ಚಿತ್ರವೂ ಅವರ ಹತ್ತಿರ ಇವೆ, ಅವೂ ಯಾವಾಗಲೂ ಹೊರಗಿರಲ್ಲ. ಎಂಚೊ ಚಿತ್ರ ನ್ಯಾಷನಲ್ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನದು. ಹೋಕಿಗೆ ಬರಲು ತೊಕೆ ಸ್ಟೇಷನ್‌ನಲ್ಲಿ ಇಳಿಯಬೇಕು, ಅಲ್ಲಿಂದ ಬಸ್ ಇದೆ. ಬರುವ ದಿನ ಗೊತ್ತಾದರೆ ಇಲ್ಲೇ ಹಾಕಿ, ಸ್ಟೇಷನ್ ಹತ್ತಿರ ಬರುತ್ತೇನೆ. ಬಿಳಿ ಉಡುಪಿನ ಹುಡುಗಿಯರ ಮುಂದೆ ನಿಂತೇ ಜಗಳ ಮುಂದುವರಿಸೋಣ.